ಬೆನ್ನ ಮೇಲೆ ಹೊತ್ತ ಭೂಗೋಳ

ಮುಂಬಯಿ ಬಂದರಿನಲ್ಲಿ ದಿಕ್ಕು ತಪ್ಪಿ ನಿಂತಿದ್ದ ಪರದೇಶದ ಹಡಗಿಗೆ ದಾರಿ ತೋರಿಸಿದವನು ಅಲ್ಲಿ ಹಮಾಲನಾಗಿದ್ದ ನಾನು. ನಕಾಶೆ ತೊಯ್ದು ಮುದ್ದೆಯಾಗಿ ಅದರ ಕ್ಯಾಪ್ಟನ್ ತಲೆ ಹಿಡಿದುಕೊಂಡು ಕೂತಿದ್ದ. ಚೀಲಕ್ಕೆ ಗುರುತು ಹಾಕುವ ಸುಣ್ಣದ ಕಡ್ಡಿ ತೆಗೆದುಕೊಂಡು ಡೆಕ್ಕಿನ ಮೇಲೆ ಇಡೀ ಜಗತ್ತು ಬರೆದುಕೊಟ್ಟೆ. ಅದನ್ನು ನೋಡಿಕೊಂಡೇ ಆತ ಸೀದಾ ತನ್ನೂರು ಮುಟ್ಟಿದ. ಈಗ ಆ ಕ್ಯಾಪ್ಟನ್ ಇಲ್ಲ, ನಮ್ಮ ಗ್ಯಾಂಗು ನಡೆಸುತ್ತಿದ್ದ ಮುಕಾದಮ ಇಲ್ಲ, ಹಡಗನ್ನೂ ಒಡೆದು ಗುಜರಿಗೆ ಹಾಕಿದರು. ಉಳಿದ ಸಾಕ್ಷಿ ನಾನೊಬ್ಬನೇ, ನಾನಂತೂ ಸುಳ್ಳು ಹೇಳುವವನಲ್ಲ.

ಇಂಥವನು ಮನೆಯಲ್ಲಿ ಭೂಗೋಳ ಕಲಿಸಲು ಕೂತರೆ ದಿನಕ್ಕೊಂದು ಪ್ರಸಂಗ ಆಗದೆ ಇರುತ್ತದೆಯೆ?

ಕಲಿಸುವ ಪಾಳಿ ನನಗೆ ಬಂದದ್ದು ಹೀಗೆ. ಆರನೇ ಇಯತ್ತೆಯ ಮೊಮ್ಮಗಳು ಪರೀಕ್ಷೆಯಲ್ಲಿ ಹಿಮಾಲಯವನ್ನು ಸಮುದ್ರದೊಳಗೆ ಇಟ್ಟು ಬಂದಳು. ಸೊಸೆ ಸಯನ್‌ನಲ್ಲಿ ಒಂದು ಟ್ಯೂಶನ್ ಹುಡುಕಿದಳು. ದಿನಾ ಸಂಜೆ ಎರಡು ತಾಸು.

ವಡಾಲದ ನಮ್ಮ ಒಂದೂವರೆ ಖೋಲಿಯ ಮನೆಯಲ್ಲಿ ಮಗ ಟೀವಿ ನೋಡುತ್ತಾನೆ, ಸೊಸೆ ಮೊಬೈಲ್ ನೋಡುತ್ತಾಳೆ. ನನ್ನ ಕತೆ ಕೇಳುವವಳು ಮೊಮ್ಮಗಳೊಬ್ಬಳೇ, ಅದೂ ಸಂಜೆ ಹೊತ್ತಿಗೆ ಮಾತ್ರ.

“ಟ್ಯೂಶನ್ ಯಾಕ? ನಾ ಸತ್ತೀನೇನು?” ಅಂದೆ. “ಜಗತ್ತಿನ ಮಾಲೆಲ್ಲಾ ಈ ಬೆನ್ನ ಮ್ಯಾಲೆ ಇಳದೈತಿ.”

“ನೀವು ಸಾಲಿ ಮೆಟ್ಟಲಾ ಹತ್ತಿಲ್ಲಲ್ರೀ ಮಾವಾರ,” ಅಂದಳು ಸೊಸೆ.

“ಹಡಗಿನ ಮೆಟ್ಟಲಾ ಹತ್ತೀನಲ್ಲ.”

ಸೊಸೆ ಹದಿನೈದು ದಿನ ಕೊಟ್ಟಳು. ಕಡೆಯ ದಿನ ತಾನೇ ಪ್ರಶ್ನೆ ಕೇಳುವುದು. ಹುಡುಗಿಗೆ ಉತ್ತರ ಬರದಿದ್ದರೆ ಸೋಮವಾರದಿಂದ ಸಯನ್. ಹಾರ್ಬರ್ ಲೋಕಲ್ ರೈಲಿನಲ್ಲಿ ಮಾರುತ್ತಿದ್ದ ಪ್ಲಾಸ್ಟಿಕ್ ನಕಾಶೆಯೊಂದನ್ನು ತಂದು ಕಪಾಟಿನ ಬಾಗಿಲಿಗೆ ಅಂಟಿಸಿದೆ.

ಕೆನಡಾದ ಹವಾಮಾನ

ನನಗೆ ಅಕ್ಷರ ಕಲಿಸಿದವನು ಜೊತೆಗಿದ್ದ ಹಮಾಲ, ಅದೂ ಕನ್ನಡ ಮಾತ್ರ. ನಕಾಶೆಯ ಮೇಲಿನ ಇಂಗ್ಲಿಷ್ ನನಗೆ ಇರುವೆ ಸಾಲು. ಮೊಮ್ಮಗಳು ಹೆಸರು ಓದುವುದು, ನಾನು ಅಲ್ಲಿಂದ ಬಂದ ಮಾಲಿನ ಮೇಲೆ ಆ ದೇಶ ಹೇಳುವುದು, ಹೀಗೆ ಪಾಠ ಸಾಗಿತು. ಇರಾಕ್ ಅಂದರೆ ಖರ್ಜೂರ. ಕುತ್ತಿಗೆಗೆ ಅಂಟು, ಹಿಂದೆ ನೊಣ. ಜಾಂಜಿಬಾರ್ ಅಂದರೆ ಲವಂಗ. ಚೀಲ ಹಗುರ, ಸೀನು ಬಹಳ. ಕೆನಡಾ ಅಂದರೆ ಗಂಧಕ. ಹಳದಿ ಧೂಳು, ಗಂಟಲು ತೊಳೆಯಲು ಸಂಜೆ ಬೆಲ್ಲ.

ಶಾಲೆಯಲ್ಲಿ ಹೋಮ್‌ವರ್ಕ್ ಕೊಟ್ಟರು: ಕೆನಡಾದ ಹವಾಮಾನ ಹೇಗಿರುತ್ತದೆ?

ಮೊಮ್ಮಗಳು ಬರೆದಳು: “ಹಳದಿ ಇರುತ್ತದೆ. ಕಣ್ಣು ಉರಿಯುತ್ತವೆ. ಸಂಜೆ ಬೆಲ್ಲ ತಿನ್ನಬೇಕು.”

ಮರುದಿನ ಹೋಮ್‌ವರ್ಕಿನ ವಹಿ ಟೀಚರ್ ಎಳೆದ ಗೆರೆಗಳಿಂದ ಕೆಂಪಾಗಿ ಬಂತು. “ಅಜ್ಜಾ, ಟೀಚರ್ ಪೂಛ್ ರಹೀ ಹೈ, ಇದು ಎಲ್ಲಿ ಓದಿದ್ದು ಅಂತ.”

“ಓದಿಲ್ಲ, ಹೊತ್ತೀವಿ ಅಂತ ಬರಿ,” ಅಂದೆ.

ಪೂರ್ವ ಮತ್ತು ಪಶ್ಚಿಮ

ದಿಕ್ಕು ಕಲಿಸುವ ದಿನ ಪಕ್ಕದ ಖೋಲಿಯ ಹುಡುಗಿಯೂ ಬಂದು ಕೂತಳು. ಮುಂಬಯಿಯ ಮಕ್ಕಳಿಗೆ ದಿಕ್ಕು ಕಲಿಸಲು ಸೂರ್ಯ ಬೇಕಿಲ್ಲ. ಸ್ಟೇಶನ್ನಿನ ಈ ಕಡೆ ಈಸ್ಟ್, ಆ ಕಡೆ ವೆಸ್ಟ್, ನಡುವೆ ಹಳಿ. ನಕಾಶೆಯಲ್ಲೂ ಮೇಲಿಂದ ಕೆಳಗೆ ಗೆರೆಗಳಿದ್ದವು. ನಡುವಿನ ಗೆರೆಯ ಮೇಲೆ ಬೆರಳಿಟ್ಟು, “ಇದರ ಈ ಕಡೆ ಪೂರ್ವ, ಆ ಕಡೆ ಪಶ್ಚಿಮ. ದಾದರ್ ಇದ್ದಂಗ,” ಅಂದೆ. ಇಬ್ಬರಿಗೂ ತಟ್ಟನೆ ತಿಳಿಯಿತು. ಇಷ್ಟು ಚೆನ್ನಾಗಿ ಯಾವ ಮಾಸ್ತರ ಹೇಳಿಕೊಟ್ಟಾನು?

ಎರಡು ದಿನಕ್ಕೆ ಆ ಹುಡುಗಿಯ ತಾಯಿ ವಹಿ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದಳು. “ಕಾಕಾ, ಇದೇನ್ರೀ? ಪೂರ್ವ ಗೋಳಾರ್ಧದಿಂದ ಪಶ್ಚಿಮ ಗೋಳಾರ್ಧಕ್ಕ ಹೋಗಾಕ ಬ್ರಿಜ್ ಹತ್ತಬೇಕು ಅಂತ ಬರದಾಳ.”

“ಛಲೋ ಬರದಾಳವ್ವಾ,” ಅಂದೆ. “ಹಳಿ ದಾಟೂದು ಗುನ್ಹೆ ಐತಿ.”

ಬೆರಳಿನ ಅಳತೆ

ನಕಾಶೆಯ ಮೂಲೆಯಲ್ಲಿ ಒಂದು ಸಣ್ಣ ಪಟ್ಟಿ ಇರುತ್ತದೆ. ಇಷ್ಟು ಉದ್ದ ಅಂದರೆ ಇಷ್ಟು ಕಿಲೋಮೀಟರ್ ಅಂತ ಅದರ ಲೆಕ್ಕ. ನನಗೆ ಅದರ ಗೊಡವೆ ಬೇಡವಾಗಿತ್ತು. ಬೆರಳಿಟ್ಟು ಅಳೆದೆ: ಮುಂಬಯಿಯಿಂದ ಅರಬಸ್ಥಾನಕ್ಕೆ ನನ್ನ ಹೆಬ್ಬೆರಳು ಒಂದೂವರೆ. ಮೊಮ್ಮಗಳು ತನ್ನ ಬೆರಳಿಟ್ಟಳು, ಮೂರಾಯಿತು. ನನ್ನ ಹೆಬ್ಬೆರಳ ಕೆಳಗೆ ಸಿಂಹಳ ದ್ವೀಪ ಪೂರ್ತಿ ಮುಚ್ಚಿಹೋಗುತ್ತದೆ, ಅವಳದರ ಪಕ್ಕದಲ್ಲಿ ಇಣುಕುತ್ತದೆ.

ಹುಡುಗಿ ನನ್ನ ಕೈಯನ್ನೂ ತನ್ನ ಕೈಯನ್ನೂ ಬಹಳ ಹೊತ್ತು ನೋಡಿದಳು. “ಅದಕ್ಕೇ ಅಜ್ಜಾ, ನೀ ಎಲ್ಲಾ ಕಡೆ ಜಲ್ದಿ ಮುಟ್ಟತಿದ್ದಿ,” ಅಂದಳು.

ಅಂದಿನಿಂದ ಅವಳು ಸೊಸೆಯ ಹೊಲಿಗೆ ಡಬ್ಬಿಯಿಂದ ದಾರ ತೆಗೆದುಕೊಂಡು ಪಟ್ಟಿಗೆ ಹಿಡಿದು ಅಳೆಯತೊಡಗಿದಳು. ನಾನು ಹೇಳಿದ್ದನ್ನೆಲ್ಲ ರಾತ್ರಿ ಊಟಕ್ಕೆ ಮುಂಚೆ ಪುಸ್ತಕದಲ್ಲಿ ತೆಗೆದು ನೋಡುವುದು, ಒಳಗೊಳಗೇ ನಗುವುದು. ನನ್ನ ಪಾಠದ ರುಚಿ ಅಷ್ಟು ಹತ್ತಿತ್ತು ಅಂತ ನಾನು ತಿಳಿದೆ.

ಪರೀಕ್ಷೆ

ಹದಿನೈದನೆಯ ದಿನ ರವಿವಾರ. ಸೊಸೆ ಲಟ್ಟಣಿಗೆ ಕೈಯಲ್ಲಿ ಹಿಡಿದೇ ನಕಾಶೆಯ ಮುಂದೆ ನಿಂತಳು. ಅಂಥ ಮಾಸ್ತರನ ಮುಂದೆ ಯಾರಿಗೆ ಬಾಯಿ ಬಂದೀತು?

“ಮಡಗಾಸ್ಕರ್ ಎಲ್ಲೈತಿ?”

ಹುಡುಗಿ ನೆಲ ನೋಡಿದಳು.

“ಓಮಾನ್?”

ಫ್ರಾಕಿನ ಅಂಚು ತಿರುವತೊಡಗಿದಳು.

“ಆತು ಬಿಡು. ನಾಳಿಂದ ಸಯನ್,” ಅಂದಳು ಸೊಸೆ.

ಅಂಥ ಹೊತ್ತಿನಲ್ಲಿ ನನಗೆ ಬರುವ ಕೆಲಸ ಒಂದೇ. ಇದೇ ಕಡೆಯ ಕತೆ, ಹೇಳಿಬಿಡೋಣ ಅಂತ ಶುರು ಮಾಡಿದೆ. “ಕೇಳ ಅವ್ವಿ. ಒಮ್ಮೆ ನಮ್ಮ ಹಡಗ ಮುಂಬಯಿ ಬಿಟ್ಟು ಸೀದಾ ಉತ್ತರಕ್ಕ ಹೊಂಟ್ತು. ಮೂರನೇ ದಿನಕ್ಕ ಆಫ್ರಿಕಾ ಕಾಣಾಕ ಹತ್ತಿತು...”

“ರುಕ್ ಅಜ್ಜಾ,” ಅಂದಳು ಮೊಮ್ಮಗಳು. “ಉತ್ತರಕ್ಕ ಆಫ್ರಿಕಾ ಇಲ್ಲ. ಅದು ಇಲ್ಲಿ, ಪಶ್ಚಿಮಕ್ಕ, ಕೆಳಗ.” ಬೆರಳು ನಕಾಶೆಗೆ ಬಿತ್ತು.

“ಅದಾ, ಎಡಕ್ಕ ತಿರಗಿಸಿದ್ವಿ...”

“ಎಡಕ್ಕ ತಿರಗಿದ್ರ ಓಮಾನ್ ಬರ್ತದ. ಇದು.”

“ಆವಾಗ ಬಲಕ್ಕ ನೋಡ್ತೀನಿ, ಹಿಮಾಲಯದ ಬರ್ಫ ಫಳಫಳ...”

ಅವಳು ದಾರ ಹಿಡಿದು ಅಳೆದೇ ಬಿಟ್ಟಳು. “ಹಜಾರ್ ಕಿಲೋಮೀಟರ್ ಸೆ ಜ್ಯಾದಾ ಅಜ್ಜಾ. ಹೆಂಗ ಕಾಣ್ತದ?”

ನಾನೂ ಬಿಡಲಿಲ್ಲ. ಮಡಗಾಸ್ಕರ್ ದಾಟಿ ಜಪಾನ್‌ಗೆ ಬಂದೆ. ಅವಳು ಮಡಗಾಸ್ಕರ್ ತೋರಿಸಿ, ಜಪಾನ್ ಅದರ ಪಕ್ಕ ಇಲ್ಲ ಅಂತ ಜಪಾನನ್ನೂ ತೋರಿಸಿದಳು. ನಾನು ಹೋದ ಊರಿಗೆಲ್ಲ ಅವಳ ಬೆರಳು ನನಗಿಂತ ಮುಂಚೆ ಹೋಗಿ ನಿಲ್ಲುತ್ತಿತ್ತು. ಹತ್ತು ದೇಶ ಆಗುವ ಹೊತ್ತಿಗೆ ತವೆಯ ಮೇಲಿನ ಚಪಾತಿ ಹೊತ್ತಿದ ವಾಸನೆ ಬಂತು.

ಸೊಸೆ ಓಡಿಹೋಗಿ ಗ್ಯಾಸ್ ಆರಿಸಿ ಬಂದಳು. “ಸಯನ್ ಬ್ಯಾಡ,” ಅಂದಳು. “ಮನ್ಯಾಗ ಕಲೀಲಿ.”

ನಾನು ಮೀಸೆಯ ಮೇಲೆ ಕೈ ಹಾಕಿದೆ. ಆದರೆ ಮೊಮ್ಮಗಳ ಬೆರಳು ತಿರುಗಿ ಮುಂಬಯಿಯ ಮೇಲೆ ಬಂದು ನಿಂತಿತ್ತು. ಅಲ್ಲಿಂದ ಅದನ್ನು ಮೆಲ್ಲಗೆ ನೆಟ್ಟಗೆ ಮೇಲಕ್ಕೆ ಜರುಗಿಸಿದಳು.

“ಅಜ್ಜಾ, ಉತ್ತರಕ್ಕ ಗುಜರಾತ್, ಆಮ್ಯಾಲೆ ರಾಜಸ್ಥಾನ. ಎಲ್ಲಾ ಜಮೀನ್ ಐತಿ. ನಿನ್ನ ಹಡಗ ಹೆಂಗ ಹೋತು?”

ಅವ್ವ ಮಗಳು ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ನಾನು ಭುಜ ಹಾರಿಸಿದೆ.

“ನಮ್ಮ ಕಾಲಕ್ಕ ಅಲ್ಲೆಲ್ಲಾ ನೀರಿತ್ತವ್ವಿ. ಬಿಲ್ಡಿಂಗ್ ಕಟ್ಟಾಕಂತ ಆಮ್ಯಾಲೆ ಮಣ್ಣ ಹಾಕಿ ತುಂಬ್ಯಾರ.”