ಹುಸೇನಬಿ ಚಾಚಿಯ ಶಾವಿಗೆ ಅಚ್ಚು

ಟೂಲ್ ಡಿಸೈನ್ ಓದುವವರಿಗೆ ಒಂದು ಕಷ್ಟವಿದೆ. "ಏನು ಓದುತ್ತೀ?" ಎಂದು ಕೇಳಿದವರಿಗೆ ಉತ್ತರ ಹೇಳುವುದು! ನರ್ಸಿಂಗ್ ಓದುವ ನನ್ನ ಗೆಳತಿಗೆ ಈ ಕಷ್ಟವಿಲ್ಲ. ಮೊದಲ ವರ್ಷ ಹಾಸ್ಟೆಲಿನಿಂದ ನಮ್ಮೂರು ರೋಣಕ್ಕೆ ರಜೆಗೆ ಬಂದಾಗ ನಾನು, "ಕಾರ್ಖಾನೆಯಲ್ಲಿ ಒಂದೇ ಅಳತೆಯ ಸಾವಿರಾರು ಸಾಮಾನು ತಯಾರಾಗಬೇಕೆಂದರೆ ಮೊದಲು..." ಎಂದು ಶುರು ಮಾಡುತ್ತಿದ್ದೆ. ಆ ವಾಕ್ಯ ಮುಗಿಯುವಷ್ಟರಲ್ಲಿ ಕೇಳಿದವರು ಓಣಿಯ ತುದಿ ದಾಟಿರುತ್ತಿದ್ದರು. ಮೂರನೆಯ ವರ್ಷದ ಹೊತ್ತಿಗೆ ಉತ್ತರವನ್ನು ಮೊಟಕು ಮಾಡಿದೆ. "ಅಚ್ಚು ಮಾಡೂದು ಕಲಿಯಾಕತ್ತೀನ್ರಿ."

ಅದನ್ನು ನಮ್ಮ ಎದುರು ಮನೆಯ ಹುಸೇನಬಿ ಚಾಚಿ ಕೇಳಿಸಿಕೊಂಡರು.

ಚಾಚಿಯ ಹತ್ತಿರ ಒಂದು ಶಾವಿಗೆ ಮಶೀನಿದೆ. ಮದುವೆಯಾಗಿ ಬರುವಾಗ ತವರುಮನೆ ಗಜೇಂದ್ರಗಡದಿಂದ ತಂದದ್ದು. ಬೇಸಿಗೆ ಬಂದರೆ ನಮ್ಮ ಓಣಿಯ ಎಲ್ಲರ ಶಾವಿಗೆಯೂ ಅದರಲ್ಲೇ ಆಗಬೇಕು. ಆದರೆ ಅದರ ಅಚ್ಚು, ಅಂದರೆ ಹಿಟ್ಟು ಹೊರಬರುವ ತೂತಿನ ಬಿಲ್ಲೆ, ಸವೆದು ಹೋಗಿತ್ತು. ಶಾವಿಗೆ ಪೆನ್ಸಿಲ್ ದಪ್ಪ ಬರುತ್ತಿತ್ತು.

"ಬೇಟಿ, ಈ ಸಲ ರಮಜಾನ್ ಹಬ್ಬಕ್ಕ ನರಗುಂದದಿಂದ ಅಳಿಯ ಬರ್ತಾನ. ಲಗ್ನ ಆದಮ್ಯಾಲ ಮೊದಲನೇ ಹಬ್ಬ. ಸುರಕುಂಬಾ ಪಾಯಸಕ್ಕ ಕೂದಲಿನಂಥಾ ಶಾವಗಿ ಬೇಕು. ಅಂಗಡ್ಯಾಗಿಂದು ತಂದು ಹಾಕಿದ್ರ ಬೀಗರ ಮುಂದ ನನ್ನ ಮಾರಿ ಏನ ಉಳೀತು? ನೀ ಒಂದು ಅಚ್ಚು ಮಾಡಿ ಕೊಡ."

ಒಳಗಿನಿಂದ ಅವ್ವ ಕೂಗಿದಳು. "ಆಕಿ ಕೈಯಾಗ ಎಲ್ಲಿ ಕೊಡ್ತೀಯವಾ ಹುಸೇನಬಿ? ಹಂಚಿನ ಮ್ಯಾಲ ರೊಟ್ಟಿ ತಿರುವಿ ಹಾಕಾಕ ಬರಂಗಿಲ್ಲ ಆಕಿಗೆ!"

ಅವ್ವನ ಈ ಹೇಳಿಕೆಯನ್ನು ನಾನು ತಾಂತ್ರಿಕ ಕಾರಣಗಳಿಗಾಗಿ ತಳ್ಳಿಹಾಕಿದೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಹೇಗೂ ಒಂದು ವಿಷಯ ಬೇಕಾಗಿತ್ತು. ಹಾಸ್ಟೆಲಿನಿಂದ ತಂದಿದ್ದ ವರ್ನಿಯರ್ ತೆಗೆದು ಹಳೆಯ ಬಿಲ್ಲೆಯ ಅಗಲ, ದಪ್ಪ ಎಲ್ಲ ಅಳೆದುಕೊಂಡೆ. ಚಾಚಿ ಮೆಚ್ಚುಗೆಯಿಂದ ನೋಡುತ್ತಿದ್ದರು. ಬೇಕಿಲ್ಲದಿದ್ದರೂ ಮಶೀನಿನ ಹಿಡಿಕೆಯನ್ನೂ ಒಂದು ಸಲ ಅಳೆದೆ.

ಕಾಲೇಜಿನಲ್ಲಿ ನಮಗೆ ಬಾಯಿಪಾಠವಾಗಿರುವ ನಿಯಮ ಒಂದಿದೆ. ತಗಡು ಕತ್ತರಿಸುವ ಅಚ್ಚಿನಲ್ಲಿ ತೂತು ಮೇಲೆ ಬಿಗಿಯಾಗಿರಬೇಕು, ಕೆಳಗೆ ಅಗಲವಾಗುತ್ತಾ ಹೋಗಬೇಕು. ಕತ್ತರಿಸಿದ ತುಂಡು ನಡುವೆ ಸಿಕ್ಕಿಕೊಳ್ಳದೆ ಉದುರಿಬೀಳಲಿ ಎಂದು. ಈ ನಿಯಮ ಬರೆದು ನಾನು ಮೂರು ಪರೀಕ್ಷೆ ಪಾಸಾಗಿದ್ದೇನೆ. ಶಾವಿಗೆಗೂ ಅದನ್ನೇ ಹಚ್ಚಿದೆ. ಹಿಟ್ಟು ಒಳಹೋಗುವ ಕಡೆ ಸಣ್ಣ ತೂತು, ಹೊರಬರುವ ಕಡೆ ಅಗಲ!

ನಕ್ಷೆ ನೋಡಿದ ವರ್ಕ್‌ಶಾಪ್ ಸರ್ ಕನ್ನಡಕ ಮೇಲೆತ್ತಿ ಕೇಳಿದರು. "ಲೀಲಾ, ಶಾವಗಿ ಮಾಡೂದು ನೋಡೀಯೇನವಾ ಯಾವಾಗಾದ್ರೂ?"

"ಸಣ್ಣಾಕಿದ್ದಾಗಿಂದ ನೋಡೀನ್ರಿ ಸರ್."

ಅದು ಸುಳ್ಳಲ್ಲ. ನೋಡಿದ್ದೆ. ಅವ್ವ ಕೆಲಸಕ್ಕೆ ಕರೆಯುತ್ತಾಳೆಂದು ಮಾಳಿಗೆಯ ಮೇಲೆ ಕೂತು ನೋಡಿದ್ದೆ. ಸರ್ ಇನ್ನೇನೋ ಹೇಳುವವರಿದ್ದರು, ನನ್ನ ಮುಖ ನೋಡಿ ನಕ್ಷೆಯನ್ನು ವಾಪಸು ಕೊಟ್ಟರು. ವಿದ್ಯಾರ್ಥಿಗಳು ತಾವೇ ಕಲಿಯಬೇಕೆಂಬುದು ಅವರ ಪದ್ಧತಿ.

ಸ್ಟೀಲಿನ ಬಿಲ್ಲೆಗೆ ಕೂದಲಿನಂಥ ತೂತು ಹಾಕುವುದು ಆಟವಲ್ಲ. ಎಷ್ಟು ಡ್ರಿಲ್ ಬಿಟ್ ಮುರಿದೆನೆಂಬುದು ಸ್ಟೋರಿನವರಿಗೆ ಗೊತ್ತಿದೆ, ಅವರು ಈಗಲೂ ನನ್ನೊಡನೆ ಮಾತಾಡುವುದಿಲ್ಲ. ಕೊನೆಗೆ ಬಿಲ್ಲೆ ಕನ್ನಡಿಯಂತೆ ಹೊಳೆಯಿತು. ನೋಡುವವರಿಗೆಲ್ಲ ಕಾಣಲಿ ಎಂದು ಹೊರಗಿನ ಮುಖದ ಮೇಲೆ, ಅಗಲ ತೂತಿನ ಕಡೆ, "ಲೀಲಾ" ಎಂದು ಆಳವಾಗಿ ಕೆತ್ತಿದೆ. ಶಿಲ್ಪಿಗಳು ಹೆಸರು ಹಾಕುವುದಿಲ್ಲವೇ?

ಹಬ್ಬಕ್ಕೆ ಮೂರು ದಿನವಿರುವಾಗ ಊರಿಗೆ ಬಂದೆ. ಅಂದೇ ಬೆಳಿಗ್ಗೆ ಚಾಚಿಯ ಅಂಗಳದಲ್ಲಿ ಮಶೀನನ್ನು ಬೆಂಚಿಗೆ ಬಿಗಿದು, ಹೊರಸಿನ ಮೇಲೆ ಬಿಳಿ ಧೋತರ ಹಾಸಿದರು. ನಾನು ಬಿಲ್ಲೆಯನ್ನು ಹೆಸರು ಹೊರಗೆ ಕಾಣುವಂತೆ ಕೂರಿಸಿದೆ. ಅವ್ವ ಹಿಟ್ಟಿನ ಉಂಡೆ ಹಾಕಿದಳು. ರೋಜಾ ಉಪವಾಸವಿದ್ದ ಚಾಚಿ, "ಬಿಸ್ಮಿಲ್ಲಾ" ಎಂದು ಹಿಡಿಕೆ ತಿರುಗಿಸಿದರು.

ಏನೂ ಬರಲಿಲ್ಲ.

ಇನ್ನೊಂದು ಸುತ್ತು ತಿರುಗಿಸಿದರು. ಮುಂದೆ ಬರಬೇಕಾದ ಹಿಟ್ಟು ಹಿಂದಕ್ಕೆ ಬಂತು! ಉಂಡೆ ಹಾಕಿದ ಬಾಯಿಯಿಂದಲೇ ಉಕ್ಕಿ ಅವ್ವನ ಸೀರೆಯ ಮೇಲೆ ಬಿತ್ತು.

"ಹಿಟ್ಟು ಗಟ್ಟಿ ಆಗೇತ್ರಿ ಚಾಚಿ," ಎಂದೆ.

ನಲವತ್ತು ವರ್ಷ ಶಾವಿಗೆ ಹಿಟ್ಟು ನಾದಿದ ಹೆಂಗಸಿಗೆ ಹೇಳುವ ಮಾತಲ್ಲ ಅದು. ಚಾಚಿ ಹಣೆಯ ಬೆವರು ಒರೆಸಿಕೊಂಡು ಕೂತುಬಿಟ್ಟರು. ನೀರು ಕುಡಿಯುವ ಹಾಗೂ ಇಲ್ಲ ಅವರು. ಆದರೂ ನಾನು ಇಂಜಿನಿಯರಿಂಗ್ ಬಿಡಲಿಲ್ಲ. "ಬಲ ಸಾಲವಲ್ದು. ಹಿಡಿಕಿಗೆ ಉದ್ದನ್ನ ಪೈಪ್ ಹಾಕಿದ್ರ ಬಲ ಹೆಚ್ಚಾಕ್ಕೈತಿ, ಇರ್ರಿ," ಎಂದು ನಮ್ಮ ಹಿತ್ತಲಿಗೆ ಓಡಿದೆ. ಹಳೆಯ ಬೋರಿನ ಪೈಪಿನ ತುಂಡು ಹುಡುಕಿ ಎಳೆದುಕೊಂಡು ಬರಲು ಕಾಲು ಗಂಟೆ ಹಿಡಿಯಿತು.

ಬಂದು ನೋಡಿದರೆ ಶಾವಿಗೆ ಬರುತ್ತಿದೆ!

ಕೂದಲಿನಂಥ, ರೇಷ್ಮೆಯಂಥ ಶಾವಿಗೆ. ಚಾಚಿ ಒಂದೇ ಕೈಯಲ್ಲಿ ಹಿಡಿಕೆ ತಿರುಗಿಸುತ್ತಿದ್ದಾರೆ, ಅವ್ವ ಎಳೆಗಳನ್ನು ಧೋತರದ ಮೇಲೆ ಹರಡುತ್ತಿದ್ದಾಳೆ. ನನ್ನ ಕಣ್ಣು ಮಾತ್ರ ಬಿಲ್ಲೆಯ ಮೇಲೆ ಹೋಯಿತು. ನನ್ನ ಹೆಸರು ಕಾಣುತ್ತಿರಲಿಲ್ಲ.

"ಚಾಚಿ! ಅಚ್ಚು ಉಲ್ಟಾ ಹಾಕೀರಿ!"

"ಹೂಂ ಬೇಟಿ, ತಿರುವಿ ಹಾಕೀನಿ. ಚಲೋ ಬರಾಕತ್ತೈತಿ ನೋಡ."

"ತಗೀರಿ, ತಗೀರಿ! ಅದು ಹಂಗಲ್ಲ!"

ಅವ್ವ ಸೊಂಟದ ಮೇಲೆ ಕೈ ಇಟ್ಟಳು. "ಶಾವಗಿ ಬರಾಕತ್ತೈತಿ ಅಲ್ಲ? ಬಿಡ ಅತ್ಲಾಗ."

"ಬರೂದು ಮುಖ್ಯ ಅಲ್ಲವ್ವಾ. ಸರಿಯಾದ ಪದ್ಧತಿಯಿಂದ ಬರಬೇಕು!"

ಈ ಮಾತನ್ನು ನಾನು ಆಡಿದ್ದೇನೆ. ಸಾಕ್ಷಿಗಳಿದ್ದಾರೆ. ಓದಿದ ಹುಡುಗಿ ಹೇಳುತ್ತಿದ್ದಾಳೆಂದು ಚಾಚಿ ಹಿಂದೆ ಸರಿದರು. ಸರಿಯಾಗಿ ಕೆಲಸ ಮಾಡುತ್ತಿದ್ದ ಮಶೀನನ್ನು ಬಿಚ್ಚಿ, ಬಿಲ್ಲೆಯನ್ನು ತಿರುಗಿಸಿ ನನ್ನ ಹೆಸರನ್ನು ಹೊರಗೆ ತಂದೆ. ಹಿಡಿಕೆಗೆ ಪೈಪು ತೊಡಿಸಿ, ಅದರ ತುದಿಗೆ ನನ್ನ ಇಡೀ ಭಾರ ಹಾಕಿ ಜೋತುಬಿದ್ದೆ.

ಲಟಕ್!

ಪೈಪು, ಹಿಡಿಕೆ ಮತ್ತು ನಾನು, ಮೂವರೂ ನೆಲದ ಮೇಲಿದ್ದೆವು. ಮಶೀನು ಬೆಂಚಿನ ಮೇಲೆಯೇ ಇತ್ತು, ಹಿಡಿಕೆಯಿಲ್ಲದೆ. ಚಾಚಿ ಮುರಿದ ತುಂಡನ್ನು ಎತ್ತಿ ಸೆರಗಿನಿಂದ ಒರೆಸಿದರು. "ನಮ್ಮ ಅಮ್ಮಾ ಕೊಟ್ಟಿದ್ದು," ಎಂದರು ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಆ ಕೆಲಸವನ್ನು ಅವ್ವ ವಹಿಸಿಕೊಂಡಳು, ಅದಕ್ಕೆ ಮಧ್ಯಾಹ್ನದ ತನಕ ಬೇಕಾಯಿತು.

ಮಶೀನನ್ನೂ ಮುರಿದ ತುಂಡನ್ನೂ ಚೀಲದಲ್ಲಿ ಹಾಕಿಕೊಂಡು ವೆಲ್ಡಿಂಗ್ ಅಂಗಡಿಗೆ ಹೋದೆ. ಅಂಗಡಿಯವನು ತಿರುಗಿಸಿ ತಿರುಗಿಸಿ ನೋಡಿದ.

"ಇದೇನ್ರಿ ಅಕ್ಕಾರ, ಶಾವಗಿ ಮಶೀನಿಗೆ ಟ್ರ್ಯಾಕ್ಟರ್ ಕಟ್ಟಿ ಜಗ್ಗಿದ್ರೇನು?"

"ಹಂಗ... ಸ್ವಲ್ಪ ಜೋರಾಗಿ ತಿರುವಿದ್ವಿ."

"ಬೀಡು ಕಬ್ಬಿಣದ ಸಾಮಾನು ಇದು, ಬಗ್ಗಂಗಿಲ್ಲ, ಮುರೀತೈತಿ. ಹಿತ್ತಾಳಿ ಹಾಕಿ ಬೆಸೀತೀನಿ, ನಾಳಿ ಬರ್ರಿ. ನೀವು ಏನ್ ಓದಾಕತ್ತೀರಿ?"

"ಬಿ.ಎ. ರೀ," ಎಂದೆ.

"ಹಂಗಾರ ಬಿಡ್ರಿ. ನಿಮಗ ಗೊತ್ತಾಗಂಗಿಲ್ಲ."

ಮರುದಿನ ಹಿಡಿಕೆಗೆ ಹಳದಿ ಪಟ್ಟಿ ಕಟ್ಟಿದಂತಾಗಿ ಮಶೀನು ಬಂತು. ಹಬ್ಬಕ್ಕೆ ಇನ್ನು ಎರಡೇ ದಿನ. ಬಿಲ್ಲೆ ಕೂರಿಸುವಾಗ ನಾನು ಕೈ ಕಟ್ಟಿಕೊಂಡು ದೂರ ನಿಂತಿದ್ದೆ. ಚಾಚಿ ಬೆರಳ ತುದಿಯಿಂದ ತೂತುಗಳನ್ನು ಸವರಿ, ನನ್ನನ್ನು ಹತ್ತಿರ ಕರೆದರು.

"ಲಾಳಿಕಿ ಇಟ್ಟು ಬಾಟ್ಲಿಗೆ ಎಣ್ಣಿ ಹಾಕ್ತೀವಲ್ಲ ಬೇಟಿ, ಅದರ ಅಗಲ ಬಾಯಿ ಎಲ್ಲಿರ್ತೈತಿ?"

"ಮ್ಯಾಲ ರೀ."

"ಯಾಕ?"

"ಎಣ್ಣಿ ಹಾಕೂದು ಅಲ್ಲಿಂದ..." ಎಂದವಳು ಬಿಲ್ಲೆಯನ್ನು ನೋಡಿದೆ. ಮೂರು ವರ್ಷದ ಓದು ಆ ಲಾಳಿಕೆಯೊಳಗಿಂದ ಸದ್ದಿಲ್ಲದೆ ಇಳಿದುಹೋಯಿತು. ತಗಡು ಕತ್ತರಿಸುವ ನಿಯಮ ತಗಡಿಗೆ. ಹಿಟ್ಟು ತಗಡಲ್ಲ.

ಅಂದು ಸಂಜೆಯ ಹೊತ್ತಿಗೆ ಎರಡು ಹೊರಸು ತುಂಬಾ ಶಾವಿಗೆ ಆಯಿತು. ಹಬ್ಬದ ದಿನ ನರಗುಂದದ ಅಳಿಯ ಮೂರು ಬಟ್ಟಲು ಸುರಕುಂಬಾ ಕುಡಿದನಂತೆ. ನಮ್ಮ ಮನೆಗೂ ಒಂದು ಡಬ್ಬಿ ಬಂತು. ಚಾಚಿ ಬೀಗರ ಮುಂದೆಲ್ಲ, "ನಮ್ಮ ಲೀಲಾ ಮಾಡಿದ ಅಚ್ಚು," ಎಂದು ಹೇಳಿದರಂತೆ. ಕೇಳಿ ಅವ್ವನಿಗೂ ಹೆಮ್ಮೆಯಾಯಿತು, ನನಗೆ ಮಾತ್ರ ತೋರಿಸಿಕೊಳ್ಳಲಿಲ್ಲ. ನಾನು ಎದೆಯುಬ್ಬಿಸಿಕೊಂಡು ಖಾಲಿ ಡಬ್ಬಿ ವಾಪಸು ಕೊಡಲು ಹೋದೆ.

ಅಂಗಳದಲ್ಲಿ ಚಾಚಿ, ಮಶೀನು ಒಯ್ಯಲು ಬಂದ ಓಣಿಯ ಹೆಂಗಸರಿಗೆ ಅಚ್ಚು ಕೂರಿಸುವುದನ್ನು ಹೇಳಿಕೊಡುತ್ತಿದ್ದರು.

"ಭಾಳ ಸರಳ ಐತ್ರವಾ. ಲೀಲಾನ ಹೆಸರು ಹಿಟ್ಟಿನ ಕಡೆ ಹೋಗಬೇಕು. ಹೆಸರು ಹೊರಗ ಕಂಡ್ರ ಅಚ್ಚು ಉಲ್ಟಾ ಆಗೇತಿ ಅಂತ ತಿಳ್ಕೋರಿ."

ನಾನು ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಮನೆಗೆ ಬಂದೆ.

ಮುಂದಿನ ತಿಂಗಳು ಪ್ರಾಜೆಕ್ಟಿನ ಮೌಖಿಕ ಪರೀಕ್ಷೆ ನಡೆಯಿತು. ಹೊರಗಿನಿಂದ ಬಂದ ಪರೀಕ್ಷಕರು ಬಿಲ್ಲೆಯ ನಕ್ಷೆಯನ್ನು ಬಹಳ ಹೊತ್ತು ನೋಡಿ, "ತಿಳಿಯದವರು ಇದನ್ನು ತಿರುಗುಮುರುಗಾಗಿ ಕೂರಿಸದಂತೆ ಏನು ವ್ಯವಸ್ಥೆ ಮಾಡಿದ್ದೀರಿ?" ಎಂದು ಕೇಳಿದರು. ಪಕ್ಕದಲ್ಲಿದ್ದ ನಮ್ಮ ವರ್ಕ್‌ಶಾಪ್ ಸರ್ ಕನ್ನಡಕ ಮೇಲೆತ್ತಿದರು.

"ಒಂದು ಗುರುತು ಕೆತ್ತಿದ್ದೇನೆ ಸರ್," ಎಂದೆ. "ಅದು ಕಂಡರೆ ತಪ್ಪು ನಡೆದಿದೆ ಎಂದರ್ಥ."

"ಒಳ್ಳೆಯ ವಿಚಾರ! ಏನದು ಗುರುತು?"

"ನನ್ನ ಹೆಸರು ಸರ್."