ನೀರಿನೊಳಗೆ ಕ್ಯಾಷಿಯರ್ ಬಣ್ಣ

ಸೂರ್ಯ

ಕ್ಯಾಷಿಯರ್ ಹೆಂಡತಿ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ತಲೆಕೆಳಗು ಮಾಡಿ ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು.

"ಯಾರು ಇದು?" ಎಂದರು.

"ನಾನೇ ಕಣೇ," ಎಂದ ಕ್ಯಾಷಿಯರ್.

"ನೀವು ಯಾವಾಗ ನೀಲಿ ಆದ್ರಿ?"

ಅವನು ನನ್ನ ಕಡೆ ನೋಡಿದ. ಫೋಟೋ ತೆಗೆದವನು ನಾನು.

ಕ್ಯಾಷಿಯರ್ ನನ್ನ ಗೆಳೆಯ. ಒಂದು ಸಹಕಾರ ಸಂಘದಲ್ಲಿ ಕ್ಯಾಷಿಯರ್ ಆಗಿದ್ದು ನಿವೃತ್ತನಾದ. ಮನೆ ಚಂದ್ರಾ ಲೇಔಟಿನಲ್ಲಿ. ನನ್ನದು ಪಕ್ಕದ ರಸ್ತೆ. ಅವನಿಗೆ ಮಂಡಿ ನೋವು. ತೂಕ ಇಳಿಸಿ, ಕರಿದದ್ದು ಹುರಿದದ್ದು ಬಿಡಿ, ಈಜಿ ಎಂದು ಡಾಕ್ಟರು ಹೇಳಿದರು. ಮೂರರಲ್ಲಿ ಅವನು ಈಜನ್ನು ಆರಿಸಿಕೊಂಡ. ಬಸವೇಶ್ವರನಗರದ ಕಡೆ ಒಂದು ಈಜುಕೊಳಕ್ಕೆ, ಬೆಳಗಿನ ಗಂಡಸರ ಬ್ಯಾಚಿಗೆ, ಇಬ್ಬರೂ ಸೇರಿದೆವು. ನನ್ನ ಸ್ಕೂಟರಿನಲ್ಲಿ ಹೋಗುತ್ತಿದ್ದೆವು. ಈಜುತ್ತಿದ್ದೆವು. ಬರುವಾಗ ದರ್ಶಿನಿಯಲ್ಲಿ ನಿಂತು ಮಸಾಲೆ ದೋಸೆ ತಿನ್ನುತ್ತಿದ್ದೆವು. ದೋಸೆಯೊಳಗೆ ಕೆಂಪು ಚಟ್ನಿ ಸವರಿರುತ್ತಾರೆ. ಕೈ ಒರೆಸಲು ಕೊಡುವ ಕಾಗದ ಬಸ್ ಟಿಕೆಟಿನಷ್ಟು. ಕ್ಯಾಷಿಯರ್ ತನ್ನ ಹೆಗಲ ಮೇಲಿನ ಬಿಳಿ ಟವೆಲಿಗೆ ಒರೆಸಿಕೊಳ್ಳುತ್ತಿದ್ದ. ಕ್ಲೋರಿನ್ ವಾಸನೆ ಎಂದು ಹೆಂಡತಿ ಆ ಟವೆಲ್ ಮುಟ್ಟುತ್ತಿರಲಿಲ್ಲ. ಅವನೇ ನೀರಿಗೆ ಅದ್ದಿ ಹಿಂಡಿ ಒಣಹಾಕುತ್ತಿದ್ದ.

ತೂಕ ಇಳಿಯಲಿಲ್ಲ. ಏರಿತು.

ಆಕೆಗೆ ಅನುಮಾನ ಬಂತು. ಈಜುವವರ ತೂಕ ಏರುವುದುಂಟೇ? ಮನೆಗೆ ಬಂದಾಗ ತಲೆಯೂ ಒದ್ದೆ ಇರುವುದಿಲ್ಲ ಎಂದರು. ಒದ್ದೆಯಾಗಲು ಅವನ ತಲೆಯಲ್ಲಿ ಕೂದಲಿಲ್ಲ, ಆ ಮಾತು ಬೇರೆ. ಕೊಳಕ್ಕೆ ಹೋಗುತ್ತೇನೆಂದು ಹೇಳಿ ಎಲ್ಲೋ ನಿಂತು ತಿಂದು ಬರುತ್ತಾರೆ ಎಂದು ಆಕೆ ತೀರ್ಮಾನಿಸಿದರು. ಅರ್ಧ ನಿಜ.

ಆಮೇಲೆ ಷರತ್ತು ಹಾಕಿದರು. ಈಜುವ ಫೋಟೋ ತಂದು ತೋರಿಸಬೇಕು. ದಡದಲ್ಲಿ ನಿಂತ ಫೋಟೋ ನಡೆಯುವುದಿಲ್ಲ. ಕಾಲು ನೆಲ ಬಿಟ್ಟಿರಬೇಕು. ತಿಂಗಳ ಕೊನೆಗೆ ಕೊಳದ ಪಾಸು ಮುಗಿಯುತ್ತದೆ, ಅಷ್ಟರೊಳಗೆ ಫೋಟೋ ಬರದಿದ್ದರೆ ಮುಂದೆ ಪಾಸಿಲ್ಲ. ಬೆಳಿಗ್ಗೆ ಆಕೆಯ ತಮ್ಮನ ಜೊತೆ ಪಾರ್ಕಿನಲ್ಲಿ ವಾಕಿಂಗ್. ಆ ತಮ್ಮ ಗೋವಿಂದರಾಜನಗರದವನು. ಅವನ ಕಿಡ್ನಿಯಲ್ಲಿ ಒಮ್ಮೆ ಕಲ್ಲಾಗಿತ್ತು. ಕಲ್ಲು ತೆಗೆಸಿ ಎಷ್ಟೋ ವರ್ಷವಾಯಿತು. ಅವನ ಮಾತು ಇನ್ನೂ ಅದರದೇ.

ಕ್ಯಾಷಿಯರ್ ಹೆದರಿದ. ನನ್ನ ಹತ್ತಿರ ಕ್ಯಾಮೆರಾ ಇತ್ತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಪ್ಲಾಸ್ಟಿಕ್ ಡಬ್ಬಿಯೊಳಗೆ. ನೀರಿಗೆ ಬಿದ್ದರೂ ಏನಾಗುವುದಿಲ್ಲ. ನನ್ನ ಅಳಿಯ ಹೆಲ್ಮೆಟ್ಟಿಗೆ ಕಟ್ಟಿಕೊಂಡು ಬೈಕ್ ಓಡಿಸಲು ತಂದದ್ದು. ಒಮ್ಮೆ ಕೆಂಗೇರಿ ಹತ್ತಿರ ಬಿದ್ದ. ಮಗಳು ಬೈಕ್ ಮಾರಿಸಿದಳು. ಕ್ಯಾಮೆರಾ ನನಗೆ ಬಂತು. ಬಿದ್ದ ವಿಡಿಯೋ ಅದರ ಕಾರ್ಡಿನಲ್ಲೇ ಇದೆ. ಅಳಿಸಬೇಡಿ, ಮುಂದೆ ಬೇಕಾಗುತ್ತದೆ ಎಂದಿದ್ದಾಳೆ. ಹಾಗಾಗಿ ಹೊಸ ವಿಡಿಯೋಗೆ ಜಾಗವಿರಲಿಲ್ಲ. ಫೋಟೋ ಮಾತ್ರ ತೆಗೆಯಬಹುದಿತ್ತು.

ಬಣ್ಣ ಆರಿಸಲು ಅದರಲ್ಲಿ ನಾಲ್ಕು ಗುಂಡಿ, ಒಂದೊಂದರ ಮೇಲೆ ಒಂದೊಂದು ಚಿತ್ರ. ಸೂರ್ಯ, ಬಲ್ಬು, ಅರ್ಧ ಕಪ್ಪಾದ ಚಕ್ರ, ಮೀನು. ಯಾವುದು ಏನು ಮಾಡುತ್ತದೆಂದು ಬರೆದಿದ್ದ ಪುಸ್ತಕವನ್ನು ಅಳಿಯ ಕಳೆದಿದ್ದ. ತೆಗೆದ ಫೋಟೋ ನೋಡಲು ಪರದೆ ಇಲ್ಲ. ಪ್ರಿಂಟ್ ಹಾಕಿಸಿದ ಮೇಲೆ ನೋಡಬೇಕು. ಮೀನು ಯಾಕೆ ಎಂದು ಕೇಳಿದೆ. ಮೀನಿನ ಫೋಟೋ ತೆಗೆಯುವವರಿಗೆ ಇರಬೇಕು, ನಮಗೆ ಬೇಡ ಎಂದ ಕ್ಯಾಷಿಯರ್. ಅವನ ಮನೆಯಲ್ಲಿ ಈರುಳ್ಳಿಗೂ ವಾರದ ರಜೆ ಇದೆ.

ಬೆಳಗಿನ ಹೊತ್ತು. ಸೂರ್ಯ ಇಟ್ಟೆ. ನಾನು ಮುಳುಗಿ ಕೆಳಗಿನಿಂದ ತೆಗೆದೆ. ಕೂದಲಿಲ್ಲದವರಿಗೂ ಟೋಪಿ ಕಡ್ಡಾಯ, ಆದ್ದರಿಂದ ಟೋಪಿ. ಕಣ್ಣಿಗೆ ಈಜುಗನ್ನಡಕ. ಪ್ರಿಂಟಿನಲ್ಲಿ ಟೋಪಿ ನೀಲಿ, ಹೊಟ್ಟೆ ನೀಲಿ. ಮೇಲೆ ಮೂಲೆಯಲ್ಲಿ ಕೊಳದ ಏಣಿ, ಏಣಿಗೆ ನೇತುಹಾಕಿದ ಟವೆಲ್. ಅವೂ ನೀಲಿ. ಅವನ ಎಡತೋಳಿನಲ್ಲಿ ಕಡಲೆ ಗಾತ್ರದ ಕೆಂಪು ಮಚ್ಚೆ ಇದೆ. ಅದೂ ಆ ನೀಲಿಯಲ್ಲಿ ಕಾಣಲಿಲ್ಲ.

ಆಕೆ ಫೋಟೋ ಟೀವಿ ಮೇಲೆ ಇಟ್ಟರು. "ಕೃಷ್ಣ ಜಯಂತಿ ಬರ್ಲಿ. ಆವಾಗ ಪೂಜೆಗೆ ಇಡ್ತೀನಿ," ಎಂದರು.

ಬಲ್ಬು

ಮರುದಿನ ಕೊಳದಲ್ಲಿ ಕ್ಯಾಷಿಯರ್ ಮೇಲೆ ನೋಡಿದ.

"ಸೂರ್ಯ ಎಲ್ಲಿದ್ದಾನಯ್ಯ ಇಲ್ಲಿ? ಮೇಲೆ ಶೀಟು. ಶೀಟ್ ಕೆಳಗೆ ಟ್ಯೂಬ್‌ಲೈಟು. ಬಲ್ಬ್ ಇಡು."

ಮಾತು ಸರಿ ಅನ್ನಿಸಿತು. ಬಲ್ಬು ಇಟ್ಟೆ. ಈ ಸಲ ಅಂಗಾತ ತೇಲು, ಮುಖ ಕಾಣಲಿ ಎಂದೆ. ಟೋಪಿ, ಕನ್ನಡಕ ತೆಗೆದ. ಕಣ್ಣಿಗೆ ನೀರು ಹೋಗುತ್ತದೆಂದು ಕಣ್ಣು ಮುಚ್ಚಿಕೊಂಡ. ಕೈಗಳನ್ನು ಎದೆಯ ಮೇಲಿಟ್ಟುಕೊಂಡ. ಹಾಗೆ ತೇಲುವುದು ಅವನ ಅಭ್ಯಾಸ.

ಪ್ರಿಂಟ್ ಹಾಕಿಸಲು ವಿಜಯನಗರಕ್ಕೆ ಹೋದೆವು. ಮೆಟ್ರೋ ಕಂಬಗಳಿಗೆ ರಸ್ತೆ ಅಗೆದಿದ್ದರು. ಸ್ಕೂಟರ್ ನಿಲ್ಲಿಸಲು ಜಾಗವಿರಲಿಲ್ಲ. ಅವನು ಸ್ಕೂಟರ್ ಹಿಡಿದುಕೊಂಡು ಹೊರಗೆ ನಿಂತ. ನಾನು ಸ್ಟುಡಿಯೋದೊಳಗೆ ಹೋದೆ.

ಪ್ರಿಂಟ್ ಬಂತು. ಮೊದಲ ಫೋಟೋಗಿಂತ ನೀಲಿ. ತುಟಿಯೂ ನೀಲಿ.

ಸ್ಟುಡಿಯೋದವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ರೇಡಿಯೋ ಆರಿಸಿದ.

"ನಿಮಗೇನಾಗ್ಬೇಕು ಸಾರ್ ಇವರು?"

"ಗೆಳೆಯ."

"ದೊಡ್ಡದು ಮಾಡಿ ಫ್ರೇಮ್ ಹಾಕ್ಕೊಡ್ತೀನಿ ಸಾರ್. ಮೇಲೆ ಹಾರ ಕೂರೋಕೆ ಜಾಗ ಬಿಟ್ಟಿರ್ತೀನಿ."

ಅಷ್ಟರಲ್ಲಿ ಕ್ಯಾಷಿಯರ್ ಬಾಗಿಲಲ್ಲಿ ತಲೆ ಹಾಕಿ, ಇನ್ನೂ ಆಗಲಿಲ್ಲವೇನಯ್ಯಾ ಎಂದು ಕೇಳಿದ. ಸ್ಟುಡಿಯೋದವನು ಫೋಟೋ ನೋಡಿದ. ಬಾಗಿಲು ನೋಡಿದ. ಹಿಂದಿನ ಕೋಣೆಗೆ ಹೋದವನು ಮತ್ತೆ ಹೊರಗೆ ಬರಲಿಲ್ಲ.

ಆ ಫೋಟೋವನ್ನು ಕ್ಯಾಷಿಯರ್ ಮನೆಗೆ ಒಯ್ಯಲಿಲ್ಲ.

ಅರ್ಧ ಕಪ್ಪು ಚಕ್ರ

ಕೊಳದ ಕೋಚು ಹುಬ್ಬಳ್ಳಿ ಕಡೆಯ ಹುಡುಗ. ಬೆಂಗಳೂರಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ನಾವು ದಡದಲ್ಲಿ ಕೂತು ಕ್ಯಾಮೆರಾ ಒತ್ತುತ್ತಿದ್ದುದನ್ನು ನೋಡಿ ಹತ್ತಿರ ಬಂದ. ಕ್ಯಾಷಿಯರ್ ತನ್ನ ಕಷ್ಟ ಹೇಳಿಕೊಂಡ. ಬಾಮೈದನ ಕಿಡ್ನಿ ಕಲ್ಲನ್ನೂ ಸೇರಿಸಿ ಹೇಳಿದ.

"ಬಣ್ಣದ್ದ ತ್ರಾಸ ಇದ್ರ ಬಣ್ಣಾನ ಬಿಟ್ಟಬಿಡ್ರಿ ಸರ್ರ," ಎಂದ ಕೋಚು. ಅರ್ಧ ಕಪ್ಪಾದ ಚಕ್ರ ಒತ್ತಿದರೆ ಕಪ್ಪು ಬಿಳುಪು ಫೋಟೋ ಬರುತ್ತದೆ ಎಂದು ತೋರಿಸಿಕೊಟ್ಟ.

ಚೆನ್ನಾಗಿ ಬಂತು. ಕ್ಯಾಷಿಯರ್ ಕೈ ಮುಂದೆ ಚಾಚಿ, ಕಾಲು ಹಿಂದೆ ಚಾಚಿ, ನೀರಿನಲ್ಲಿ ಉದ್ದಕ್ಕೆ ಹೋಗುತ್ತಿದ್ದಾನೆ. ಟೋಪಿ ಇಲ್ಲ. ಮುಖ ಸ್ಪಷ್ಟ. ಮೈ ಚಾಚಿದ್ದರಿಂದ ಹೊಟ್ಟೆ ಕಾಣುವುದಿಲ್ಲ. ಮಚ್ಚೆ ಕಾಣುತ್ತದೆ. ಕಾಲು ನೆಲ ಬಿಟ್ಟಿದೆ. ಹಿಂದೆ ಅದೇ ಏಣಿ, ಅದೇ ಟವೆಲ್. ಇನ್ನೇನು ಬೇಕು.

ಆಕೆ ನೋಡಿದ ತಕ್ಷಣ ಗುರುತು ಹಿಡಿದರು. "ಇದು ನೀವೇ," ಎಂದರು. ಕ್ಯಾಷಿಯರ್ ನನ್ನ ಬೆನ್ನು ತಟ್ಟಿದ.

"ಎಲ್ಲಿ ಸಿಕ್ತು ಇದು? ನಾನು ನೋಡೇ ಇರ್ಲಿಲ್ಲ," ಎಂದರು ಆಕೆ. "ಮದುವೆ ಆದ ವರ್ಷ ತಿರುಪತಿಗೆ ಹೋಗಿ ಮುಡಿ ಕೊಟ್ರಲ್ಲ, ಆವಾಗಿನದು."

ಕ್ಯಾಷಿಯರ್ ಬಾಯಿ ತೆರೆದ.

"ಎಷ್ಟು ಲಕ್ಷಣವಾಗಿದ್ರಿ ಆವಾಗ," ಎಂದರು.

ಬಾಯಿ ಮುಚ್ಚಿದ.

ಆಕೆ ಬೀರುವಿನಿಂದ ಹಳೆಯ ಆಲ್ಬಮ್ ತೆಗೆದು ಮದುವೆ ಫೋಟೋಗಳ ಪಕ್ಕದಲ್ಲಿ ಅದನ್ನು ಅಂಟಿಸಿದರು. ನಮಗೆ ಇನ್ನೊಂದು ಸಲ ಕಾಫಿ ಕೊಟ್ಟರು. ಹೊರಗೆ ಬಂದ ಮೇಲೆ, ಇವತ್ತು ತೆಗೆದದ್ದು ಎಂದು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀನಾಗಿದ್ರೆ ಹೇಳ್ತಿದ್ದೆಯೇನಯ್ಯಾ?" ಎಂದ.

ಮೀನು

ಶ್ರಾವಣ ಬಂತು. ಪಾಸು ಮುಗಿಯಲು ಕೆಲವೇ ದಿನ ಉಳಿದಿತ್ತು. ಬಾಮೈದ ಹೊಸ ವಾಕಿಂಗ್ ಶೂ ಕೊಂಡಿದ್ದ. ಭಾವನಿಗೂ ಒಂದು ಜೊತೆ ತಂದುಕೊಟ್ಟಿದ್ದ.

"ಮೀನಾ ಹಾಕ್ರಲ್ಲ ಸರ್ರ," ಎಂದ ಕೋಚು.

"ಶ್ರಾವಣ ಕಣಯ್ಯಾ," ಎಂದ ಕ್ಯಾಷಿಯರ್. "ನಮ್ಮನೇಲಿ ಮೀನಿನ ಹೆಸರೂ ಎತ್ತಲ್ಲ."

"ತಿನ್ನಾಕಲ್ರಿ. ನೀರಾಗ ಕೆಂಪು ಬಣ್ಣ ಸಾಯ್ತೈತಿ. ಮೀನಾ ಹಾಕಿದ್ರ ಆ ಕೆಂಪು ಎಬ್ಬಿಸಿ ಕೊಡ್ತೈತಿ."

ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನೀವು ಕೇಳಲಿಲ್ಲ ಎಂದ. ಸರಿಯೇ.

ಕ್ಯಾಷಿಯರ್ ಇನ್ನೂ ಅನುಮಾನಿಸಿದ. ಆಮೇಲೆ ಬಾಮೈದನ ಶೂ ನೆನಪಾಗಿರಬೇಕು. ಕೊನೆಗೆ, ನೀನೇ ಒತ್ತು, ನಾನು ಮುಟ್ಟುವುದಿಲ್ಲ ಎಂದು ಆ ಕಡೆ ತಿರುಗಿ ನಿಂತ. ನಾನು ಒತ್ತಿದೆ.

ಎರಡು ಫೋಟೋ ತೆಗೆದೆ. ಒಂದು ನೀರೊಳಗೆ. ಇನ್ನೊಂದು ಅವನು ಏಣಿಯ ಹತ್ತಿರ ಬಂದು, ನೀರಿನಿಂದ ತಲೆ ಎತ್ತಿ ನಗುವಾಗ. ಎರಡನೆಯದು ಅವನೇ ಕೇಳಿ ತೆಗೆಸಿಕೊಂಡದ್ದು. ಬೇಡ ಎಂದಿದ್ದೆ.

ಭಾನುವಾರ ಅವನ ಮನೆಗೆ ಹೋದೆವು. ಬಾಮೈದ ಬಂದು ಕೂತಿದ್ದ. ಶೂ ಹಾಕಿಕೊಂಡೇ ಬಂದಿದ್ದ, ಬಾಗಿಲಲ್ಲಿ ಬಿಟ್ಟಿದ್ದ.

ಆಕೆ ಮೊದಲ ಫೋಟೋ ನೋಡಿದರು. ಮೈಬಣ್ಣ ಮೈಬಣ್ಣದ ಹಾಗೇ ಇತ್ತು. ಎಡತೋಳಿನ ಮೇಲೆ ಕೆಂಪು ಮಚ್ಚೆ. ಹೊಟ್ಟೆ ಈಗಿನದೇ. ತಿರುಪತಿಯದು ಎನ್ನಲು ಸಾಧ್ಯವಿರಲಿಲ್ಲ. ಆಕೆ ಬಹಳ ಹೊತ್ತು ನೋಡಿದರು.

"ನಿಜವಾಗ್ಲೂ ಈಜ್ತೀರಲ್ರೀ," ಎಂದರು. ಧ್ವನಿ ಮೆತ್ತಗಾಗಿತ್ತು. ಸುಮ್ಮನೆ ಅನುಮಾನ ಪಟ್ಟೆ ಎಂದರು. ಪಾಸು ಮಾಡಿಸಿಕೊಳ್ಳಿ ಎಂದರು. ಬಾಮೈದ ನೆಲ ನೋಡಿದ. ಕ್ಯಾಷಿಯರ್ ಕಾಲ ಮೇಲೆ ಕಾಲು ಹಾಕಿ ಕೂತ.

ಅಲ್ಲಿಗೆ ಏಳಬೇಕಿತ್ತು. ಅವನು ಎರಡನೆಯ ಫೋಟೋ ಕೊಟ್ಟ. "ಇದೂ ನೋಡು. ನಗು ಚೆನ್ನಾಗಿ ಬಂದಿದೆ."

ಆಕೆ ನಗು ನೋಡಲಿಲ್ಲ. ಅವನ ತಲೆಯ ಹಿಂದೆ ಏಣಿ. ಏಣಿಯ ಮೇಲೆ ಬಿಳಿ ಟವೆಲ್. ಟವೆಲ್ ಮೇಲೆ ನಾಲ್ಕು ಬೆರಳಿನ ಗುರುತು, ಕಡುಗೆಂಪು. ಅವನು ದಿನಾ ಅದ್ದಿ ಹಿಂಡಿ ಮಾಸಿದ್ದ ಕಲೆ. ಮೀನು ಅದನ್ನೂ ಎಬ್ಬಿಸಿತ್ತು.

"ಅಯ್ಯೋ, ರಕ್ತ," ಎಂದರು.

ಅವನ ಬಲಗೈ ಹಿಡಿದು ತಿರುಗಿಸಿ ನೋಡಿದರು. ಎಡಗೈ ನೋಡಿದರು. ಪಂಚೆ ಸರಿಸಿ ಮಂಡಿ ನೋಡಿದರು. ಎಲ್ಲಿ ಏಟಾಯಿತು, ಯಾಕೆ ಮುಚ್ಚಿಟ್ಟಿರಿ ಎಂದು ಕೇಳುತ್ತಾ ಹೋದರು. ಕಣ್ಣಲ್ಲಿ ನೀರು ಬಂದಿತ್ತು. ಕ್ಯಾಷಿಯರ್ ಪಂಚೆ ಸರಿಮಾಡಿಕೊಂಡ. ಏಟು ಎಂದರೆ ಕೊಳ ಅಪಾಯ ಎಂದು ಪಾಸು ಹೋಗುತ್ತದೆ. ಏಟಲ್ಲ ಎಂದರೆ ಅದೇನು ಎಂದು ಹೇಳಬೇಕಾಗುತ್ತದೆ.

ಆಕೆ ನನ್ನ ಕಡೆ ತಿರುಗಿದರು. "ಅಣ್ಣಾ, ನೀವಾದ್ರೂ ಹೇಳಿ. ಎಲ್ಲಿ ಏಟಾಗಿದೆ ಇವರಿಗೆ?"

ಅಳುವ ಹೆಂಗಸಿಗೆ ಸುಳ್ಳು ಹೇಳಲು ನನಗೆ ಬರುವುದಿಲ್ಲ.

"ಚಟ್ನಿ," ಎಂದೆ.

ಆಕೆ ಎದ್ದು ಟೀವಿ ಮೇಲಿದ್ದ ನೀಲಿ ಫೋಟೋ ತಂದರು. ಆಲ್ಬಮ್ ತಂದು ತಿರುಪತಿ ಫೋಟೋ ತೆರೆದರು. ಮೂರನ್ನೂ ಸಾಲಾಗಿ ಟೀಪಾಯಿ ಮೇಲಿಟ್ಟು ಬಗ್ಗಿ ನೋಡಿದರು. ನೀಲಿಯಲ್ಲಿ ಬೆರಳಿನ ಗುರುತು ಮಸುಕಾಗಿತ್ತು. ಕಪ್ಪು ಬಿಳುಪಿನಲ್ಲಿ ಚೆನ್ನಾಗಿಯೇ ಇತ್ತು. ನಾವು ನೋಡಿರಲಿಲ್ಲ.

"ಮದುವೆ ಆದ ವರ್ಷದಿಂದ ತಿಂತಾ ಇದ್ದೀರಾ?" ಎಂದರು ಆಕೆ.

ಮೊದಲು ನಕ್ಕವನು ಬಾಮೈದ. ಆಮೇಲೆ ಆಕೆ ನಕ್ಕರು. ಕೊನೆಗೆ ಕ್ಯಾಷಿಯರ್, ಅನುಮತಿ ಸಿಕ್ಕವನ ಹಾಗೆ, ಮೆಲ್ಲಗೆ ನಕ್ಕ.

ತೀರ್ಪು ಕಾಫಿಯ ಜೊತೆ ಬಂತು. ಈಜು ಇರಲಿ, ದೋಸೆ ಬೇಡ. ಟವೆಲ್ ಇನ್ನು ಮೇಲೆ ಆಕೆಯೇ ಒಗೆಯುತ್ತಾರೆ, ಕ್ಲೋರಿನ್ ವಾಸನೆ ಇದ್ದರೂ ಸರಿ. ಕ್ಯಾಷಿಯರ್ ಒಪ್ಪಿಕೊಂಡ. ಬಾಮೈದ ಶೂ ವಾಪಸು ತೆಗೆದುಕೊಂಡು ಹೋದ.

ಮರುದಿನ ಪಾಸು ಮಾಡಿಸಿದೆವು. ಬರುವಾಗ ವಿಜಯನಗರದಲ್ಲಿ ಸ್ಕೂಟರ್ ನಿಲ್ಲಿಸು ಎಂದ. ಬಟ್ಟೆ ಅಂಗಡಿಗೆ ಹೋಗಿ ಹೊಸ ಟವೆಲ್ ಕೊಂಡ.

ಕೆಂಪು.