ಟುಸ್ಸೆಂದ ಕಾಡತೂಸಿನ ತಯಾರಕರಿಗೆ

ಮಾನ್ಯರೇ,

ತಮ್ಮ ಕಾರ್ಖಾನೆಯ ಮಾಲೀಕರಿಂದ ಹಿಡಿದು ಡಬ್ಬಿಗೆ ಚೀಟಿ ಅಂಟಿಸುವವರವರೆಗೆ ಸಮಸ್ತರಿಗೂ ನನ್ನ ಅನಂತ ನಮಸ್ಕಾರಗಳು. ತಾವೆಲ್ಲ ಹತ್ತೂ ಬೆರಳುಗಳೊಂದಿಗೆ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಮ್ಮ ಮನೆಯಲ್ಲೂ ಸದ್ಯಕ್ಕೆ ಎಲ್ಲರ ಬೆರಳುಗಳೂ ಇದ್ದಲ್ಲೇ ಇವೆ. ಅವು ಹೇಗೆ ಉಳಿದವು ಎಂಬುದನ್ನು ನಾಲ್ಕು ಜನರೆದುರು ತಿಳಿಸಲೆಂದೇ ಈ ಪತ್ರ.

ನಾನು ನಮ್ಮೂರಿನ ಶೂಟಿಂಗ್ ಕ್ಲಬ್ಬಿನಲ್ಲಿ ಸುರಕ್ಷತೆ ನೋಡಿಕೊಳ್ಳುವವಳು. ಪಿಸ್ತೂಲಿನ ಮೂತಿ ಸದಾ ಗುರಿಹಲಗೆಯ ಕಡೆಗಿರಲಿ, ಕಣ್ಣಿಗೆ ಕನ್ನಡಕವಿರಲಿ, ಕಿವಿಗೆ ಮುಚ್ಚಳವಿರಲಿ ಎಂದು ಬೆಳಗಿನಿಂದ ಸಂಜೆಯವರೆಗೆ ಗಂಟಲು ಹರಿದುಕೊಳ್ಳುವುದು ನನ್ನ ಕೆಲಸ. ನಮ್ಮಕ್ಕ ಹಲ್ಲಿನ ಡಾಕ್ಟರು. ಕ್ಲಬ್ಬಿನಲ್ಲಿ ಅವಳಷ್ಟು ಚೆನ್ನಾಗಿ ಗುರಿಯಿಡುವವರು ಇನ್ನೊಬ್ಬರಿಲ್ಲ, ಆದರೆ ತಾಳ್ಮೆ ಎಂಬುದು ಅವಳ ಹತ್ತಿರವೂ ಸುಳಿದಿಲ್ಲ. ಲಿಫ್ಟು ತಡವಾದರೆ ಗುಂಡಿಯನ್ನು ಗುದ್ದಿ ಗುದ್ದಿ ಒಳಗೆ ಕೂರಿಸುತ್ತಾಳೆ. ಅವಳಿಗೆ ಎದುರಾಡಿದವರು ನಮ್ಮ ವಂಶದಲ್ಲೇ ಇಲ್ಲ, ನಾನಂತೂ ಅವಳು ಹುಬ್ಬು ಗಂಟಿಕ್ಕಿದರೇ ಗಡಗಡ.

ಇಂಥವಳಿಗೆ ಕಾಯುವುದನ್ನು ಕಲಿಸಿದ ಕೀರ್ತಿ ತಮಗೇ ಸಲ್ಲಬೇಕು. ತಮ್ಮ ಡಬ್ಬಿ ಒಡೆದ ದಿನವೇ ಮೊದಲ ಕಾಡತೂಸು ಟಿಕ್ಕೆಂದು ಸುಮ್ಮನಾಯಿತು. ಹಾರದ ಕಾಡತೂಸು ತಡವಾಗಿ ಮನಸ್ಸು ಬದಲಾಯಿಸಿ ಹಾರಲೂಬಹುದಾದ್ದರಿಂದ, ಮೂತಿಯನ್ನು ಹಲಗೆಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಬೇಕೆಂಬುದು ನಿಯಮ. ಅಕ್ಕ ಕಾದಳು! ಹಲ್ಲು ಕಡಿದುಕೊಂಡಾದರೂ ಕಾದಳು. ಆಗ ಕ್ಲಬ್ಬಿನಲ್ಲಿ ನೆಲೆಸಿದ ನೆಮ್ಮದಿಯನ್ನು ನೆನೆದರೆ, ತಮ್ಮ ಕಾಡತೂಸುಗಳನ್ನು ನಮ್ಮ ನೆಂಟರಿಗೆಲ್ಲ ಉಡುಗೊರೆ ಕೊಡೋಣವೆನ್ನಿಸುತ್ತದೆ.

ಆದರೆ ಪಂದ್ಯದ ದಿನ ತಾವು ಇನ್ನೂ ಒಂದು ಹೆಜ್ಜೆ ಮುಂದೆ ಹೋದಿರಿ. ಕೊನೆಯ ಸುತ್ತಿನಲ್ಲಿ ಅಕ್ಕ ಎಲ್ಲರಿಗಿಂತ ಮುಂದಿದ್ದಾಗ, ಢಂ ಎನ್ನಬೇಕಾದ ಕಾಡತೂಸು ಟುಸ್ ಎಂದಿತು. ಹಲಗೆಯಲ್ಲಿ ತೂತಿಲ್ಲ. ಮದ್ದು ಸಾಲದೆ ಗುಂಡು ನಳಿಕೆಯೊಳಗೇ ಸಿಕ್ಕಿಕೊಂಡಿದ್ದರೆ, ಅದರ ಹಿಂದೆ ಇನ್ನೊಂದನ್ನು ಹಾರಿಸಿದವರ ಕೈಯಲ್ಲೇ ಪಿಸ್ತೂಲು ಸಿಡಿಯಬಹುದು. ಗೆಲ್ಲುವ ಆತುರದಲ್ಲಿ ಅಕ್ಕ ಅದನ್ನೆಲ್ಲ ಮರೆತು, ಸರಕ್ಕನೆ ಮುಂದಿನದನ್ನು ಒಳಗೆಳೆದು, ಟ್ರಿಗರಿನ ಮೇಲೆ ಬೆರಳಿಟ್ಟೇ ಬಿಟ್ಟಳು. ಆ ಕೈಯಿಂದಲೇ ಅವಳ ಕ್ಲಿನಿಕ್ಕು ನಡೆಯುವುದು, ಮಾನ್ಯರೇ. "ಏಯ್ ನಿಲ್ಸೇ! ಬೆರಳು ತೆಗಿಯೇ!" ಎಂದು ಹುಟ್ಟಿದಾಗಿನಿಂದ ಮೊದಲ ಸಲ ಅಕ್ಕನ ಮೇಲೆ ಕಿರುಚಿದೆ. ಅದು ಅವಳ ಕಿವಿಯ ಮುಚ್ಚಳವನ್ನೂ ದಾಟಿ ಕೇಳಿಸಿತು.

ಅಕ್ಕ ಬೆರಳು ತೆಗೆದು, ಮೂತಿ ಹಲಗೆಯ ಕಡೆಗಿರುವಂತೆ ಪಿಸ್ತೂಲನ್ನು ಮೇಜಿನ ಮೇಲಿಟ್ಟು, ನನ್ನನ್ನು ನುಂಗುವಂತೆ ನೋಡಿದಳು. ಪಂದ್ಯ ಕೈತಪ್ಪಿತು. ಬಂದೂಕು ರಿಪೇರಿಯವರು ಪಿಸ್ತೂಲನ್ನು ಖಾಲಿ ಮಾಡಿ ನಳಿಕೆಗೆ ಕಡ್ಡಿ ತೂರಿಸಿದರೆ, ಅದು ಅರ್ಧದಲ್ಲೇ ನಿಂತಿತು. ತಟ್ಟಿ ತಟ್ಟಿ ಹೊರದೂಡಿದ ಗುಂಡು ಮೇಜಿನ ಮೇಲೆ ಟಣ್ಣನೆ ಬಿತ್ತು. ಅಕ್ಕ ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು, "ಇನ್ನೂ ಸ್ವಲ್ಪ ಜೋರಾಗಿ ಕಿರುಚೋಕೆ ಏನಾಗಿತ್ತೇ ನಿಂಗೆ?" ಎಂದು ನನ್ನನ್ನೇ ಬೈದು, ಬಾಚಿ ತಬ್ಬಿಕೊಂಡಳು. ನಾನು ಗೊಳೋ ಎಂದು ಅತ್ತುಬಿಟ್ಟೆ.

ನಮ್ಮ ದೂರಿಗೆ ತಾವು ದಯಪಾಲಿಸಿದ ಉತ್ತರವೂ ಕೈಸೇರಿದೆ. ಒಂದೆರಡು ಕಾಡತೂಸುಗಳಲ್ಲಿ ಮದ್ದು ಕಡಿಮೆಯಿದ್ದರೂ ಸರಾಸರಿ ಸರಿಯಾಗಿಯೇ ಇದೆ ಎಂದು ಬರೆದಿದ್ದೀರಿ. ಓದಿ ಕೃತಾರ್ಥಳಾದೆ. ಆದರೆ ಸ್ವಾಮಿ, ಹಾಗಾದರೆ ನಮ್ಮದರಲ್ಲಿ ಇಲ್ಲದ ಮದ್ದು ಇನ್ನಾರದೋ ಕಾಡತೂಸಿನಲ್ಲಿ ದುಪ್ಪಟ್ಟಾಗಿ ಕೂತಿದೆ ಎಂದಾಯಿತಲ್ಲ? ಮೊದಲ ಏಟಿಗೇ ಕೈಯಲ್ಲಿ ಸಿಡಿಯುವ ಅದಕ್ಕೆ ಟುಸ್ ಎಂದು ಎಚ್ಚರಿಸುವ ಸೌಜನ್ಯವೂ ಇರುವುದಿಲ್ಲ. ಆದ್ದರಿಂದ, ಕೈಕೊಡಲಿರುವ ಕಾಡತೂಸುಗಳು ಮುಂಚಿತವಾಗಿ ಕೆಮ್ಮಿ ಸೂಚನೆ ಕೊಡುವಂತೆ ಅವಕ್ಕೆ ತಕ್ಕ ತರಬೇತಿ ನೀಡಬೇಕೆಂದೂ, ಅದು ಕಷ್ಟವಾದರೆ ಆ ಬ್ಯಾಚಿನ ಡಬ್ಬಿಗಳನ್ನೆಲ್ಲ ಇವತ್ತೇ ಅಂಗಡಿಗಳಿಂದ ವಾಪಸು ತರಿಸಿಕೊಳ್ಳಬೇಕೆಂದೂ ಕೈಮುಗಿದು ಬೇಡುತ್ತೇನೆ.

ಗಂಟಲು ಇನ್ನೂ ಸರಿಹೋಗದ,
ತಮ್ಮ ವಿಶ್ವಾಸಿ,
ಹಲ್ಲಿನ ಡಾಕ್ಟರ ತಂಗಿ

ಹೇಳಲು ಮರೆತೆ: ಉತ್ತರ ಬರೆದ ತಮ್ಮ ಮ್ಯಾನೇಜರರಿಗೆ ಎಂದಾದರೂ ಹಲ್ಲುನೋವು ಬಂದರೆ ಸಂಕೋಚವಿಲ್ಲದೆ ಅಕ್ಕನ ಕ್ಲಿನಿಕ್ಕಿಗೆ ಬರಲಿ. ಹಲ್ಲು ಕೀಳುವಾಗ ಮರಗಟ್ಟಿಸುವ ಇಂಜೆಕ್ಷನ್ ಅವರಿಗೆ ಕೊಡದೆ, ಪಕ್ಕದ ಕುರ್ಚಿಯವರಿಗೆ ಎರಡು ಕೊಡುತ್ತಾಳಂತೆ. ಸರಾಸರಿ ಸರಿಯಾಗಿಯೇ ಇರುತ್ತದೆ.